ದೆವ್ವದ ಕಥೆಗಳು, ನಮ್ಮಮ್ಮ ಮತ್ತು ಒಂದು ಹಿತ್ತಾಳೆ ಕೊಡ

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಕೆಲಸ, ರಿಲೀಸು, ಮನೆ ಶಿಫ್ಟಿಂಗು... ನೆಪಗಳಿಗೇನು ಬರ ಇಲ್ಲ ಬಿಡಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ದೆವ್ವದ ಕಥೆಯಿಂದಾಗಿ. ರಾತ್ರಿ ಓದುತ್ತಿದ್ದರೆ ಹಗಲು ಹೊತ್ತಿನಲ್ಲಿ ಓದಿ, ನನ್ನನ್ನು ಬೈಯಬೇಡಿ :-)

ಹೋದ ಬೇಸಿಗೆಯಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ರೋಣ ತಾಲೂಕಿನ ಒಂದು ಹಳ್ಳಿ. ಎರೆಭೂಮಿ, ಕಣ್ಣು ಹಾಯಿಸಿದಷ್ಟೂ ಬಯಲು, ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ರಾತ್ರಿ ಕರೆಂಟು ಹೋಯ್ತು ಅಂದ್ರೆ ಯಾವಾಗ ಬರುತ್ತೆ ಅಂತ ಕೇಳೋ ಹಾಗಿಲ್ಲ. ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮೊಬೈಲಿನಲ್ಲಿ ಪುಸ್ತಕ ಓದುತ್ತಾ ಮಲಗಿದ್ದೆ. ಪಕ್ಕದಲ್ಲಿ ನಮ್ಮಮ್ಮ. (ನಮ್ಮ ಕಡೆ ಅವ್ವ ಅಂದ್ರೆ ತಾಯಿ, ಅಮ್ಮ ಅಂದ್ರೆ ಅಜ್ಜಿ. ಬೆಂಗಳೂರಿನ ಗೆಳೆಯರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಗೊಂದಲವೇ.) ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಕಿವಿ ಮಾತ್ರ ಇನ್ನೂ ಚುರುಕು.

ಓದುತ್ತಿದ್ದದ್ದು ಮರಿಯಾನಾ ಎನ್ರಿಕೆಸ್ ಅನ್ನೋ ಅರ್ಜೆಂಟೀನಾದ ಲೇಖಕಿಯ ಕಥೆಗಳು. ನಾನು ಅಲ್ಲಿಗೆ ಬಂದ ದಾರಿಯನ್ನು ಮೊದಲು ಹೇಳಿಬಿಡ್ತೀನಿ. ಆಫೀಸಿನ ಗೆಳತಿಯೊಬ್ಬಳು ಕಾರ್ಮೆನ್ ಮರಿಯಾ ಮಚಾದೋ ಬರೆದ ‘ಹರ್ ಬಾಡಿ ಅಂಡ್ ಅದರ್ ಪಾರ್ಟೀಸ್’ ಓದು ಅಂತ ಕೊಟ್ಟಿದ್ದಳು. 2017ರಲ್ಲಿ ಬಂದ ಕಥಾಸಂಕಲನ. ಮಚಾದೋ ಅಮೆರಿಕದಲ್ಲೇ ಹುಟ್ಟಿದವಳು, ಅವಳ ಅಜ್ಜ ಕ್ಯೂಬಾದವರು. ಹೀಗೆ ಲ್ಯಾಟಿನ್ ಅಮೆರಿಕದ ಬೇರು ಇದ್ದು ಅಮೆರಿಕದಲ್ಲಿ ಬೆಳೆದವರನ್ನ ಈಗೀಗ ‘ಲ್ಯಾಟಿನೆಕ್ಸ್’ ಅಂತ ಕರೀತಾರೆ. ಸ್ಪ್ಯಾನಿಷ್‌ನಲ್ಲಿ ‘ಲ್ಯಾಟಿನೋ’ ಅಂದ್ರೆ ಗಂಡು, ‘ಲ್ಯಾಟಿನಾ’ ಅಂದ್ರೆ ಹೆಣ್ಣು. ಎರಡೂ ಬೇಡ ಅಂತ ಕೊನೆಗೊಂದು ಎಕ್ಸ್ ಅಂಟಿಸಿದ್ದಾರೆ. ಎನ್ರಿಕೆಸ್ ಬ್ಯೂನಸ್ ಐರಿಸ್‌ನವಳು, ಆದ್ದರಿಂದ ಅವಳು ಲ್ಯಾಟಿನೆಕ್ಸ್ ಅಲ್ಲ, ಲ್ಯಾಟಿನ್ ಅಮೆರಿಕನ್. ನಾನು ಮಾತ್ರ ಒಂದನ್ನು ಹಿಡಿದು ಇನ್ನೊಂದಕ್ಕೆ ಹೋದೆ. ಒಂದೇ ಬಾವಿಯ ನೀರು ಅನ್ನಿಸ್ತು.

ಮಚಾದೋಳ ಒಂದು ಕಥೆ ಹೇಳ್ತೀನಿ. ‘ದಿ ಹಸ್ಬೆಂಡ್ ಸ್ಟಿಚ್’. (ಓದಬೇಕು ಅಂತಿರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಒಬ್ಬ ಹುಡುಗಿ. ಅವಳ ಕುತ್ತಿಗೆಗೆ ಒಂದು ಹಸಿರು ರಿಬ್ಬನ್ನು. ಪ್ರೀತಿಸ್ತಾಳೆ, ಮದುವೆ ಆಗ್ತಾಳೆ, ಗಂಡನಿಗೆ ಏನು ಕೇಳಿದ್ರೂ ಕೊಡ್ತಾಳೆ. ಅವಳು ಕೇಳಿಕೊಳ್ಳೋದು ಒಂದೇ, ಆ ರಿಬ್ಬನ್ ಮುಟ್ಟಬೇಡ. ಗಂಡ ಕೆಟ್ಟವನೇನಲ್ಲ. ಆದರೂ ವರ್ಷಗಟ್ಟಲೆ ಅದೇ ಪ್ರಶ್ನೆ, ಏನಿದೆ ಅದರೊಳಗೆ, ನನ್ನಿಂದ ಏನು ಮುಚ್ಚಿಡ್ತಿದ್ದೀ. ಕೊನೆಗೆ ಸಾಕಾಗಿ ಬಿಚ್ಚಿಕೋ ಅಂತಾಳೆ. ಬಿಚ್ಚುತ್ತಾನೆ. ತಲೆ ಉರುಳಿ ಬೀಳುತ್ತೆ. ಇದು ಅಲ್ಲಿನ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳೋ ಹಳೇ ಕಥೆ, ಮಚಾದೋ ಹೊಸದಾಗಿ ಹುಟ್ಟಿಸಿದ್ದಲ್ಲ. ಅವಳು ಮಾಡಿದ್ದು ಇಷ್ಟೇ: ಆ ಹೆಣ್ಣಿನ ಬಾಯಿಂದಲೇ ಕಥೆ ಹೇಳಿಸಿದಳು. ಮೊದಲು ಮಕ್ಕಳನ್ನ ಹೆದರಿಸೋ ಕಥೆಯಾಗಿದ್ದದ್ದು, ಈಗ ಗಂಡಸರು ಓದಿ ತಲೆ ತಗ್ಗಿಸೋ ಕಥೆ ಆಯ್ತು. ನಾನಂತೂ ತಗ್ಗಿಸಿದೆ.

ಈಗ ಎನ್ರಿಕೆಸ್. ಮಾಳಿಗೆ ಮೇಲೆ ಆ ರಾತ್ರಿ ಓದಿದ್ದು ‘ದಿ ಡೇಂಜರ್ಸ್ ಆಫ್ ಸ್ಮೋಕಿಂಗ್ ಇನ್ ಬೆಡ್’ ಅನ್ನೋ ಸಂಕಲನದ ಮೊದಲ ಕಥೆ. ಸ್ಪ್ಯಾನಿಷ್‌ನಲ್ಲಿ 2009ರಲ್ಲಿ ಬಂದದ್ದು, ಮೇಗನ್ ಮೆಕ್‌ಡವೆಲ್ ಇಂಗ್ಲಿಷಿಗೆ ಮಾಡಿದ ಮೇಲೆ 2021ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಅಂತಿಮ ಪಟ್ಟಿಗೆ ಬಂತು. ಕಥೆ ಹೀಗಿದೆ. ಒಬ್ಬ ಅಜ್ಜಿಗೆ ಮಳೆ ಅಂದ್ರೆ ಆಗದು. ಮೊಮ್ಮಗಳು ಹಿತ್ತಲಲ್ಲಿ ಆಟಕ್ಕೆ ಅಗೆಯುವಾಗ ಸಣ್ಣ ಸಣ್ಣ ಎಲುಬು ಸಿಗ್ತಾವೆ. ಅಪ್ಪ, ಕೋಳಿ ಎಲುಬಿರಬೇಕು ಬಿಡು ಅಂತಾನೆ. ಅಜ್ಜಿ ನೋಡಿದವಳೇ ಕಿರುಚಿಕೊಳ್ಳುತ್ತಾಳೆ. ಅವು ಅವಳ ತಂಗಿಯ ಎಲುಬು. ಕೂಸಿದ್ದಾಗಲೇ ಸತ್ತ ತಂಗಿ. ಊರು ಬಿಟ್ಟು ಬರುವಾಗ ಆ ಕೂಸನ್ನು ಒಂಟಿಯಾಗಿ ಬಿಟ್ಟುಬರಲಾರದೆ ಎಲುಬುಗಳನ್ನೂ ಜೊತೆಗೆ ತಂದಿರ್ತಾಳೆ. ಅಜ್ಜಿ ಸತ್ತು, ಮನೆ ಮಾರಿ, ಎಷ್ಟೋ ವರ್ಷ ಆದ ಮೇಲೆ ಒಂದು ಮಳೆಯ ರಾತ್ರಿ ಮೊಮ್ಮಗಳ ಮಂಚದ ಪಕ್ಕ ಆ ಕೂಸು ಅಳುತ್ತಾ ನಿಂತಿರುತ್ತೆ. ಅರ್ಧ ಕೊಳೆತ ಕೂಸು. ಮಾತಾಡಲ್ಲ. ಯಾರನ್ನೂ ಕೊಲ್ಲಲ್ಲ. ಸುಮ್ಮನೆ ಎಲ್ಲಿ ಹೋದ್ರೂ ಹಿಂದೆ ಬರುತ್ತೆ, ಬೆರಳು ಮಾಡಿ ತೋರಿಸುತ್ತೆ.

ನಂಗೆ ಹೆದರಿಕೆ ಆಗಲಿಲ್ಲ. ಆಗಿದ್ದೇ ಬೇರೆ. ಹೊಟ್ಟೆಯಲ್ಲಿ ಏನೋ ತಣ್ಣಗಾಯ್ತು. ಹದಿನೈದು ಹದಿನಾರು ವರ್ಷ ಹಿಂದೆ ನಾನೂ ಒಂದು ‘ಎಲುಬು’ ಹೊರಗೆ ತೆಗೆದಿದ್ದೆ ಅನ್ನೋದು ಆ ಕ್ಷಣ ನೆನಪಾಯ್ತು.

ಆಗ ನಾನು ಆರನೇ ಕ್ಲಾಸೋ ಏಳನೇ ಕ್ಲಾಸೋ. ದೀಪಾವಳಿ ಮುಂದೆ ಪಾತ್ರೆ ತಿಕ್ಕುವ ದಿನ. ನಾಗೊಂದಿಗೆ ಮೇಲಿದ್ದ ಹಿತ್ತಾಳೆ ಸಾಮಾನು ಇಳಿಸಿ ಕೊಡೋದು ನನ್ನ ಕೆಲಸ. ತೀರಾ ಹಿಂದೆ, ಮೂಲೆಯಲ್ಲಿ, ಗೋಣಿಚೀಲ ಸುತ್ತಿದ ಒಂದು ಕೊಡ. ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಕಾಣಿಸಿದವು. ಒಂದು ಹೆಣ್ಣಿನ ಹೆಸರು, ಅದರ ಕೆಳಗೆ ಗಜೇಂದ್ರಗಡದ ಕಡೆಯ ಒಂದು ಊರಿನ ಹೆಸರು. ನಮ್ಮ ಕಡೆ ತವರಿನಿಂದ ಕೊಡೋ ಪಾತ್ರೆ ಮೇಲೆ ಹೆಸರು ಹಾಕಿಸ್ತಾರಲ್ಲ, ಹಾಗೆ. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.

“ಅಮ್ಮಾ, ಈ ಕೊಡದ ಮ್ಯಾಲೆ ಯಾರ ಹೆಸರೈತಿ?”

“ಯಾರದರ ಇರತೈತಿ. ಇಡ ಅದನ್ನ ಕೆಳಗ. ನಿನಗ ಅದನ್ನ ತಗಿ ಅಂತ ಯಾರ ಹೇಳಿದ್ರು?”

ಅಮ್ಮ ಅಷ್ಟು ಸಿಟ್ಟು ಮಾಡಿದ್ದು ನಾನು ನೋಡಿದ್ದೇ ಕಡಿಮೆ. ಕೊಡ ಕಸಿದುಕೊಂಡು ಒಳಗೆ ಹೋದಳು. ಹುಡುಗರಲ್ಲವೇ, ಪಟಾಕಿ ಗದ್ದಲದಲ್ಲಿ ಮರೆತುಬಿಟ್ಟೆ.

ಈಗ ಸ್ವಲ್ಪ ನಮ್ಮ ಕಡೆಯ ದೆವ್ವಗಳ ವಿಚಾರ. ಬಹಳ ಇದಾವೆ, ಕಮ್ಮಿ ಏನಿಲ್ಲ :-) ರೋಣದಿಂದ ಗಜೇಂದ್ರಗಡದ ಕಡೆ ಹೋದರೆ ಸೂಡಿ ಸಿಗುತ್ತೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೇ ಶತಮಾನದಲ್ಲಿ, ಅಕ್ಕಾದೇವಿ ಆಳಿದ ಊರು. ಜೋಡು ಕಳಸದ ಗುಡಿ, ಅದರ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ. ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬರೇ ಅಂಥ ಹೊಂಡಕ್ಕೆ ಇಳಿಯಬಾರದು ಅಂತ ನಮಗೆಲ್ಲ ಹೇಳಿಕೊಟ್ಟಿದ್ದರು. ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರ. ಅಲ್ಲಿಯ ಅಂತರಗಂಗೆ ಬಿರು ಬೇಸಿಗೆಯಲ್ಲೂ ನಿಲ್ಲಲ್ಲ. ಯುಗಾದಿ ಮುಂದೆ ರಾತ್ರಿ ಗುಡಿಯ ಹತ್ತಿರ ಸುಣ್ಣದ ನೀರು, ಬ್ರಷ್ಷು ಇಟ್ಟು ಬಂದರೆ ಬೆಳಗಾಗುವುದರೊಳಗೆ ಸುಣ್ಣ ತಾನೇ ಬಳಿದಿರುತ್ತೆ ಅಂತ ಜನ ಹೇಳ್ತಾರೆ. ಯಾರು ಬಳೀತಾರೆ ಅಂತ ನಾನು ಕೇಳಿದ್ದಕ್ಕೆ, “ಅಂಥಾದ್ದೆಲ್ಲ ಕೇಳಬಾರದು” ಅನ್ನೋದೇ ಉತ್ತರ. ಈಗ ಅದೇ ಗುಡ್ಡದ ಸಾಲಿನ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳು ತಿರುಗ್ತಾವೆ. ರಾತ್ರಿ ಬಸ್ಸಿನಲ್ಲಿ ಬರುವಾಗ ಕತ್ತಲೆಯಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಅವೇ ಒಂದು ಥರಾ ದೆವ್ವದ ಹಾಗೆ.

ಮಲಪ್ರಭೆ ದಂಡೆಗೆ ಬಂದರೆ ಬೇರೆಯೇ ಥರ. 2009ರ ಅಕ್ಟೋಬರ್ ಪ್ರವಾಹ ನಿಮಗೆ ನೆನಪಿರಬಹುದು. ರೋಣ, ನರಗುಂದ ತಾಲೂಕಿನ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತು. ಆಮೇಲೆ ಎತ್ತರದ ಜಾಗದಲ್ಲಿ ಆಸರೆ ಮನೆಗಳು ಎದ್ದವು, ನವಗ್ರಾಮ ಅಂದರು. ಬಹಳ ಜನ ಹೋಗಿ ಇರಲೇ ಇಲ್ಲ, ಹೊಲ ದೂರ, ದನ ಕಟ್ಟೋಕೆ ಜಾಗ ಇಲ್ಲ. ಬಾಗಿಲು ಕಿತ್ತ ಖಾಲಿ ಮನೆಗಳ ಸಾಲು, ಒಳಗೆ ಜಾಲಿ ಮುಳ್ಳು. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂದಾಗ ಅದೇ ಮನೆಗಳಿಗೆ ಓಡಿದರು. ಅಂಥ ಒಂದು ಊರಲ್ಲಿ ಸಂಜೆ ನಿಂತು ನೋಡಿ. ಯಾವ ರಾಮ್ಸೇ ಸಿನಿಮಾನೂ ಬೇಡ.

ಮೆಕ್ಸಿಕೋದವರಿಗೆ ‘ಲಾ ಯೊರೋನಾ’ ಅಂತ ಒಬ್ಬಳಿದ್ದಾಳೆ. ಅಳುವ ಹೆಂಗಸು ಅಂತ ಅರ್ಥ. ತನ್ನ ಮಕ್ಕಳನ್ನು ತಾನೇ ಹೊಳೆಯಲ್ಲಿ ಮುಳುಗಿಸಿ, ಆಮೇಲೆ ದಂಡೆಯುದ್ದಕ್ಕೂ ಅವರನ್ನ ಹುಡುಕುತ್ತಾ ಅಳುವವಳು. ಅಮೆರಿಕಕ್ಕೆ ವಲಸೆ ಹೋದ ಮೆಕ್ಸಿಕನ್ನರು ಅವಳನ್ನೂ ಕರೆದುಕೊಂಡೇ ಹೋದರು, ಆ ಅಜ್ಜಿ ಎಲುಬು ತಂದ ಹಾಗೆ. ಟೆಕ್ಸಸ್‌ನಲ್ಲಿ ಬೆಳೆದ ವಿ. ಕ್ಯಾಸ್ಟ್ರೋ 2023ರಲ್ಲಿ ಅವಳ ಬಗ್ಗೆ ಒಂದು ಇಡೀ ಕಾದಂಬರಿ ಬರೆದಳು. ಅದಕ್ಕೂ ಮೊದಲು 2022ರಲ್ಲಿ ‘ಮೆಸ್ಟೀಸಾ ಬ್ಲಡ್’ ಅನ್ನೋ ಕಥಾಸಂಕಲನ. ಅದೇ 2023ರಲ್ಲಿ ಹ್ಯೂಸ್ಟನ್ನಿನ ಆರ್ಟೆ ಪೂಬ್ಲಿಕೋ ಪ್ರೆಸ್, ರಿಚರ್ಡ್ ಸಾಂತೋಸ್ ಸಂಪಾದಿಸಿದ ‘ಎ ನೈಟ್ ಆಫ್ ಸ್ಕ್ರೀಮ್ಸ್’ ಅಂತ ಲ್ಯಾಟಿನೋ ಭಯಾನಕ ಕಥೆಗಳದ್ದೇ ಪುಸ್ತಕ ತಂದಿತು. ಅಂದ್ರೆ ಅವರು ತಮ್ಮ ಅಜ್ಜಿಯರ ದೆವ್ವಗಳನ್ನ ಎತ್ತಿಕೊಂಡು, ಪುಸ್ತಕದಲ್ಲಿ ಕೂರಿಸಿ, “ಹೇಳವ್ವಾ, ನಿನಗೇನಾಯ್ತು?” ಅಂತ ಕೇಳ್ತಿದ್ದಾರೆ.

ನಾವು? ನಮ್ಮಲ್ಲಿ ‘ನಾಳೆ ಬಾ’ ಇದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರುಗಳ ಬಾಗಿಲ ಮೇಲೆ ಬರೆದಿದ್ದರಲ್ಲ. ಗುರುತಿನವರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ. ಬಾಗಿಲು ತೆರೆದರೆ ಮುಗೀತು, ‘ನಾಳೆ ಬಾ’ ಅಂತ ಬರೆದಿದ್ದರೆ ಓದಿ ತಿರುಗಿ ಹೋಗುತ್ತೆ. ಪಾಪ, ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ದೆವ್ವ! 2018ರಲ್ಲಿ ಹಿಂದಿಯವರು ಅದನ್ನ ‘ಸ್ತ್ರೀ’ ಸಿನಿಮಾ ಮಾಡಿ ದುಡ್ಡು ಮಾಡಿಕೊಂಡರು. ಅದಕ್ಕೂ ಮುಂಚೆ, 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ. ಲೆಕ್ಕ ಹಾಕಿ ನೋಡಿ, ನಮ್ಮ ದೆವ್ವಗಳಲ್ಲಿ ಮುಕ್ಕಾಲು ಪಾಲು ಹೆಣ್ಣೇ. ಬಸುರಿ ಸತ್ತವಳು, ಬಾಣಂತಿ ಸತ್ತವಳು, ಬಾವಿಗೆ ಬಿದ್ದವಳು. ಅವಳು ಯಾಕೆ ಸತ್ತಳು ಅನ್ನೋದನ್ನ ಬಿಟ್ಟು, ಸತ್ತ ಮೇಲೆ ಯಾರನ್ನ ಹಿಡಿದಳು ಅನ್ನೋದನ್ನೇ ನಾವು ರಂಗುರಂಗಾಗಿ ಹೇಳ್ತೀವಿ.

ಎನ್ರಿಕೆಸಳ ಇನ್ನೊಂದು ಸಂಕಲನ ‘ಥಿಂಗ್ಸ್ ವಿ ಲಾಸ್ಟ್ ಇನ್ ದಿ ಫೈರ್’ (ಸ್ಪ್ಯಾನಿಷ್ 2016, ಇಂಗ್ಲಿಷ್ 2017). ಅದರಲ್ಲಿ ‘ದಿ ಇನ್’ ಅಂತ ಒಂದು ಕಥೆ. ಇಬ್ಬರು ಹುಡುಗಿಯರು ರಾತ್ರಿ ಕದ್ದು ಒಂದು ಹೋಟೆಲಿಗೆ ನುಗ್ಗುತ್ತಾರೆ. ಆ ಕಟ್ಟಡ ಸರ್ವಾಧಿಕಾರದ ಕಾಲದಲ್ಲಿ ಪೊಲೀಸ್ ಶಾಲೆಯಾಗಿದ್ದದ್ದು. ಪ್ರವಾಸಿಗರಿಗೆ ಅದನ್ನ ಹೇಳಿದ ಅಂತಲೇ ಒಬ್ಬಳ ಅಪ್ಪ ಗೈಡ್ ಕೆಲಸ ಕಳಕೊಂಡಿರ್ತಾನೆ. ಕತ್ತಲಲ್ಲಿ ಇದ್ದಕ್ಕಿದ್ದಂತೆ ಕಾರಿನ ಸದ್ದು, ಕಿಟಕಿಗೆ ಹೆಡ್‌ಲೈಟು, ಓಡುವ ಹೆಜ್ಜೆಗಳು, ಬಾಗಿಲು ಬಡಿಯೋದು. ಹೊರಗೆ ಬಂದು ನೋಡಿದರೆ ಯಾರೂ ಇಲ್ಲ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಸೈನ್ಯದ ಆಡಳಿತ ಇತ್ತು. ಮನೆಯಿಂದ ಎತ್ತಿಕೊಂಡು ಹೋದ ಸಾವಿರಾರು ಜನ ವಾಪಸ್ ಬರಲಿಲ್ಲ. ಮಾನವ ಹಕ್ಕಿನವರು ಮೂವತ್ತು ಸಾವಿರ ಅಂತಾರೆ. ಹೆಣ ಸಿಕ್ಕಿಲ್ಲ, ಮಣ್ಣು ಮಾಡಿಲ್ಲ. ಅಂಥ ದೇಶದಲ್ಲಿ ದೆವ್ವದ ಕಥೆ ಬರೆಯೋಕೆ ಕಲ್ಪನೆ ಎಷ್ಟು ಬೇಕು ಹೇಳಿ?

ಇದನ್ನ ಓದಿ ನಂಗೆ ಮೊದಲು ನೆನಪಾಗಿದ್ದು ನರಗುಂದದ ಗುಡ್ಡ. ನನ್ನ ಅವ್ವನ ತವರು ಆ ಕಡೆ. ಸಣ್ಣವನಿದ್ದಾಗ ಮಾವ ಸೈಕಲ್ ಮೇಲೆ ಕೂರಿಸಿಕೊಂಡು ಗುಡ್ಡ ತೋರಿಸಿ ಹೇಳ್ತಿದ್ದ, “ಅಲ್ಲಿ ನೋಡು, ಸಾಹೇಬನ ರುಂಡ ತೂಗ ಹಾಕಿದ್ರು.” 1858ರ ಮಾತು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಮಕ್ಕಳಿರಲಿಲ್ಲ, ದತ್ತು ತಗೊಳ್ಳೋಕೆ ಬ್ರಿಟಿಷರು ಒಪ್ಪಲಿಲ್ಲ. ಬಂಡೆದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ರುಂಡ ತಂದು ನರಗುಂದದ ಬಾಗಿಲಿಗೆ ತೂಗು ಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಶಾಲೆಯಲ್ಲಿ ಬಾಬಾಸಾಹೇಬನ ಹೆಸರಿಗೆ, ಗಲ್ಲಾದ ಊರಿಗೆ, ಇಸವಿಗೆ ಅಂಕ ಇತ್ತು. ಆ ಇಬ್ಬರ ಹೆಸರನ್ನ ಯಾರೂ ಕೇಳಲಿಲ್ಲ, ನಾವೂ ಕಲಿಯಲಿಲ್ಲ.

ಅದೇ ನರಗುಂದದಲ್ಲಿ 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯ್ತು. ಪಕ್ಕದ ನವಲಗುಂದದಲ್ಲೂ. ವೀರಪ್ಪ ಕಡ್ಲಿಕೊಪ್ಪರ ವೀರಗಲ್ಲು ನರಗುಂದದಲ್ಲಿದೆ, ಪ್ರತಿವರ್ಷ ಜುಲೈ 21ಕ್ಕೆ ಜನ ಸೇರ್ತಾರೆ. ಇಡೀ ರಾಜ್ಯದ ರೈತ ಚಳವಳಿ ಅಲ್ಲಿಂದ ಹೊತ್ತಿಕೊಂಡಿದ್ದು. ಈ ಬಗ್ಗೆ ಭಾಷಣಗಳಿವೆ, ಲೇಖನಗಳಿವೆ. ಆದರೆ ಆ ರಾತ್ರಿ ಕದ ಹಾಕಿಕೊಂಡು, ದೀಪ ಆರಿಸಿ, ಬೂಟಿನ ಸದ್ದು ಹತ್ತಿರ ಬರುತ್ತಾ ಇದೆಯೋ ದೂರ ಹೋಗುತ್ತಾ ಇದೆಯೋ ಅಂತ ಕಿವಿಗೊಟ್ಟು ಕೂತ ಒಂದು ಮನೆಯ ಕಥೆ? ನಾನಂತೂ ಓದಿಲ್ಲ. ಎನ್ರಿಕೆಸ್ ನರಗುಂದದಲ್ಲಿ ಹುಟ್ಟಿದ್ದರೆ ಬರೀತಿದ್ದಳು.

ಸರಿ, ಮಾಳಿಗೆಗೆ ವಾಪಸ್ ಬರ್ತೀನಿ.

ಮೊಬೈಲ್ ಬೆಳಕಿನಲ್ಲಿ ನನ್ನ ಮುಖ ನೋಡಿ ಅಮ್ಮ ಕೇಳಿದಳು. “ಏನೋ ತಮ್ಮಾ ಅದು, ಅಷ್ಟು ಹೊತ್ತಿನಿಂದ ಓದಾಕತ್ತೀಯಲ್ಲ?”

“ದೆವ್ವದ ಕಥಿ ಅಮ್ಮಾ.”

“ಹೇಳ ಹಂಗಾರ.”

ಹೇಳಿದೆ. ಅರ್ಜೆಂಟೀನಾ ಅಂದ್ರೆ ಎಲ್ಲಿ ಅಂತ ಅಮ್ಮ ಕೇಳಲಿಲ್ಲ. ಅಜ್ಜಿ, ಎಲುಬು, ಮಳೆ, ಮಂಚದ ಪಕ್ಕದ ಕೂಸು. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೇ ಪ್ರಶ್ನೆ ಕೇಳಿದಳು.

“ಆ ಕೂಸಿಗೆ ಹೆಸರಿಟ್ಟಿದ್ರೋ ಇಲ್ಲೋ?”

ನಾನು ಆ ಕಥೆ ಎರಡು ಸಲ ಓದಿದ್ದೆ. ಈ ಪ್ರಶ್ನೆ ನಂಗೆ ಹೊಳೆದೇ ಇರಲಿಲ್ಲ. “ಹೆಸರು ಹೇಳಿಲ್ಲಮ್ಮಾ. ಅಂಜೆಲಿತಾ ಅಂತ ಕರೀತಾರ. ಅಂದ್ರ ಸಣ್ಣ ದೇವತಿ ಅಂತ. ಸತ್ತ ಕೂಸಿಗೆ ಹಂಗ ಅಂತಾರಂತ ಅಲ್ಲಿ.”

“ಹ್ಞೂಂ,” ಅಂದಳು.

ನಾನು ಧೈರ್ಯ ಮಾಡಿ ಕೇಳಿದೆ. “ಅಮ್ಮಾ, ಆ ಕೊಡದ ಮ್ಯಾಲಿನ ಹೆಸರು ಯಾರದು?”

ನಮ್ಮ ಹೊಲದಲ್ಲಿ ಒಂದು ಹಳೇ ಬಾವಿ ಇದೆ. ಈಗ ಬೋರು ಬಂದು ಬಾವಿಯಲ್ಲಿ ಬರೀ ಕಸ, ಪಾರಿವಾಳ. ಸಣ್ಣವರಿದ್ದಾಗ ನಮಗೆಲ್ಲ ಹೇಳಿದ್ದು, ನಡುಮಧ್ಯಾಹ್ನ ಅಲ್ಲಿ ನೀಲಿ ಸೀರೆ ಉಟ್ಟವಳು ಕೂತಿರ್ತಾಳೆ, ಹೆಸರು ಹಿಡಿದು ಕರೀತಾಳೆ, ಓಗೊಟ್ಟರೆ ಎಳಕೊಳ್ತಾಳೆ ಅಂತ. ನಾನು, ನಮ್ಮ ಕಾಕಾನ ಮಕ್ಕಳು, ಎಲ್ಲರೂ ಅವಳನ್ನ ‘ನೋಡಿದ್ದೇವೆ’. ಒಬ್ಬರಿಗಿಂತ ಒಬ್ಬರು ಜೋರಾಗಿ ಹೇಳಿಕೊಂಡಿದ್ದೇವೆ. ಕಾಲೇಜಿನ ಹಾಸ್ಟೆಲಿನಲ್ಲಿ ಈ ಕಥೆ ಹೇಳಿ ಹುಡುಗರನ್ನ ಹೆದರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ ನಾನು. ಆ ನೀಲಿ ಸೀರೆಯವಳು ನಮ್ಮ ಅಮ್ಮನ ನೆಗೆಣ್ಣಿ ಆಗಿದ್ದಳು. ನಮ್ಮ ಅಜ್ಜನ ತಮ್ಮನ ಮೊದಲನೇ ಹೆಂಡತಿ. ಮನೆಯ ಕಿರಿಸೊಸೆ.

ಅಮ್ಮ ಹೇಳಿದ್ದನ್ನ ಹೇಳಿದಷ್ಟೇ ಬರೀತೀನಿ. 1972ರ ಬರಗಾಲ. ಊರಿನ ಹೆಂಗಸರೆಲ್ಲ ಬರಗಾಲ ಕಾಮಗಾರಿಗೆ ಕಲ್ಲು ಒಡೆಯೋಕೆ ಹೋಗ್ತಿದ್ದರು, ಅಮ್ಮನೂ, ಅವಳೂ. ಮದುವೆಯಾಗಿ ಎರಡು ವರ್ಷ ಆಗಿತ್ತು, ಮಕ್ಕಳಾಗಿರಲಿಲ್ಲ. ಅತ್ತೆಯ ಬಾಯಿ ಜೋರು. ತಿನ್ನೋ ರೊಟ್ಟಿಗೂ ಲೆಕ್ಕ ಇತ್ತು ಆ ವರ್ಷ. ಒಂದಿನ ಮಧ್ಯಾಹ್ನ ನೀರು ತರ್ತೀನಿ ಅಂತ ಕೊಡ ತಗೊಂಡು ಹೋದವಳು ಬರಲಿಲ್ಲ. ಹುಡುಕಿಕೊಂಡು ಮೊದಲು ಹೋದವಳು ಅಮ್ಮ. “ಕೊಡ ತೇಲಾಕತ್ತಿತ್ತು,” ಅಂದಳು. ಅಷ್ಟೇ.

ಕಾಲು ಜಾರಿತು ಅಂತ ಬರೆಸಿದರು. ತವರಿನವರು ಬಂದು ಎರಡು ದಿನ ಕೂತು ಅತ್ತು ಹೋದರು. ವರ್ಷದೊಳಗೆ ಸಣ್ಣಜ್ಜನಿಗೆ ಇನ್ನೊಂದು ಮದುವೆ ಆಯ್ತು. ಹೊಸಬಳು ಬರೋ ಮುಂಚೆ ಹಳಬಳ ಪಾತ್ರೆಗಳನ್ನೆಲ್ಲ ಮಾರಿದರು. ಈ ಕೊಡ ಒಂದನ್ನ ಅಮ್ಮ ಬಚ್ಚಿಟ್ಟಳು.

“ಆಕಿ ಖರೇನ ಜಾರಿ ಬಿದ್ದಳೇನಮ್ಮಾ?”

“ನಾ ನೋಡಿಲ್ಲ,” ಅಂದಳು ಅಮ್ಮ. ಬಹಳ ಹೊತ್ತಿನ ಮೇಲೆ, ನಾನು ಮಲಗಿದ್ದೀನಿ ಅಂದುಕೊಂಡಳೋ ಏನೋ, ಮತ್ತೆ ಮಾತಾಡಿದಳು. “ಆಕಿ ದೆವ್ವ ಆಗಿಲ್ಲೋ ತಮ್ಮಾ. ಬಾಳ ಸಂಭಾವಿತ ಹುಡುಗಿ. ನಿಮ್ಮ ಮುತ್ತಜ್ಜಿನ ಆಕಿನ್ನ ದೆವ್ವ ಮಾಡಿದ್ಲು. ದೆವ್ವ ಅಂದಕೂಡ್ಲೆ ಮಂದಿ ಬಾವಿ ಕಡೆ ಹೋಗೂದು ಬಿಟ್ರು, ಕೇಳೂದೂ ಬಿಟ್ರು. ನಾನೂ ನಿಮಗೆಲ್ಲ ಅದನ್ನ ಹೇಳಿದೆ. ನೀವು ಬಾವ್ಯಾಗ ಬೀಳಬಾರದಂತ ಹೇಳಿದೆ.”

ಶಾಲೆಯಲ್ಲಿ ‘ಕೆರೆಗೆ ಹಾರ’ ಓದಿದ್ದು ನೆನಪಿದೆಯಾ? ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ನೀರು ಬೀಳಲ್ಲ. ಕಿರಿಸೊಸೆ ಭಾಗೀರಥಿಯನ್ನ ಆಹಾರ ಕೊಡಬೇಕು ಅಂತ ಆಗುತ್ತೆ. ಅವಳು ತವರಿಗೆ ಹೋಗಿ ಬರ್ತಾಳೆ, ಹೆತ್ತವರಿಗೆ ಬಾಯಿ ಬಿಡಲ್ಲ, ಪೂಜೆಗೆ ಇಳಿದವಳು ಮೇಲೆ ಬರಲ್ಲ. ದಂಡಿನಿಂದ ಬಂದ ಗಂಡ ಮಾದೇವರಾಯ ವಿಷಯ ತಿಳಿದು ತಾನೂ ಹಾರ್ತಾನೆ. ನಮ್ಮ ಮೇಷ್ಟ್ರು ಇದನ್ನ ತ್ಯಾಗದ ಕಥೆ ಅಂತ ಪಾಠ ಮಾಡಿದ್ದರು. ‘ಭಾಗೀರಥಿಯ ತ್ಯಾಗವನ್ನು ವಿವರಿಸಿ’, ನಾಲ್ಕು ಅಂಕ. ನಾನು ನಾಲ್ಕಕ್ಕೆ ನಾಲ್ಕು ತಗೊಂಡಿದ್ದೆ. ಆದರೆ ಬೀಸುವಾಗ ಅಮ್ಮ ಹಾಡುತ್ತಿದ್ದ ರೀತಿಯಲ್ಲಿ ಅದು ತ್ಯಾಗದ ಹಾಗೆ ಕೇಳುತ್ತಲೇ ಇರಲಿಲ್ಲ. ಒಂದೊಂದೇ ಮೆಟ್ಟಿಲಿಗೆ ನೀರು ಏರೋ ಜಾಗ ಬಂದಾಗ ಅವಳ ದನಿ ಸಣ್ಣಗಾಗ್ತಿತ್ತು, ಬೀಸುಕಲ್ಲೂ ನಿಧಾನ ಆಗ್ತಿತ್ತು. ಇಡೀ ಮನೆ ಒಪ್ಪಿ, ಬುತ್ತಿ ಕಟ್ಟಿ, ಬಂಗಾರದ ಪಾತ್ರೆ ಕೊಟ್ಟು ಒಬ್ಬ ಹುಡುಗಿಯನ್ನ ಸಾಯೋಕೆ ಕಳಿಸೋದು. ಇದಕ್ಕಿಂತ ದೊಡ್ಡ ಭಯಾನಕ ಕಥೆ ಮಚಾದೋ ಬರೆದಿಲ್ಲ, ಎನ್ರಿಕೆಸ್ಸೂ ಬರೆದಿಲ್ಲ. ನಮ್ಮ ಹೆಂಗಸರು ಯಾವತ್ತೋ ಕಟ್ಟಿ, ಜೋಳ ಬೀಸುತ್ತಾ ಹಾಡಿಬಿಟ್ಟಿದ್ದಾರೆ. ನಾವು ಅದಕ್ಕೆ ಅಂಕ ಕೊಟ್ಟೆವು.

ಈಗ ನನ್ನ ತಾಪತ್ರಯ ಕೇಳಿ. ಈ ಕಥೆ ಬರೀಬೇಕು ಅಂತ ಊರಿನಲ್ಲಿ ಕಾಕಾನಿಗೆ ಹೇಳಿದೆ. “ಮಾಡೂದಕ್ಕ ಕೆಲಸ ಇಲ್ಲೇನ ನಿನಗ? ಸತ್ತು ಐವತ್ತು ವರ್ಷ ಆತು. ಸಣ್ಣಜ್ಜನ ಮಕ್ಕಳು ಮೊಮ್ಮಕ್ಕಳು ಅದಾರ, ಕನ್ಯಾ ಕೊಡೋ ತಗೊಳ್ಳೋ ಮನಿತನ. ಮಂದಿ ಓದಿದ್ರ ಏನಂದಾರು?” ಅಂದ. ಅವನ ಮಾತನ್ನ ಸುಳ್ಳು ಅನ್ನೋಕಾಗಲ್ಲ. ಸಣ್ಣಜ್ಜ ಕೆಟ್ಟವನಾಗಿರಲಿಲ್ಲ. ನನಗೆ ಪೇರಲ ಹಣ್ಣು ತಂದುಕೊಡ್ತಿದ್ದ. ಅವನ ಮಕ್ಕಳು ನನ್ನ ಜೊತೆ ಬಾವಿಗೆ ಕಲ್ಲು ಒಗೆದವರು. ಅವರಲ್ಲಿ ಕೆಲವರಿಗೆ ಇವತ್ತಿಗೂ ಗೊತ್ತಿಲ್ಲ. ‘ಜಾರಿ ಬಿದ್ದಳು’ ಅನ್ನೋದು ನಿಜವೇ ಆಗಿದ್ದರೆ? ನಾನು ಬರೆದ ಕಥೆಯಲ್ಲಿ ಸತ್ತ ಮುತ್ತಜ್ಜಿಯನ್ನ ಕೊಲೆಗಾರ್ತಿ ಮಾಡಿದಂತಾಗಲ್ಲವೇ? ಅವಳು ಒಂದು ದೆವ್ವ ಹುಟ್ಟಿಸಿದಳು, ನಾನು ಇನ್ನೊಂದು.

ಹಾಗಂತ ಬರೆಯದೆ ಬಿಟ್ಟರೆ? ಅಮ್ಮ ಹೋದ ಮೇಲೆ ಆ ಹೆಸರು ಓದಿ ‘ಇದು ಇಂಥವಳದು’ ಅನ್ನೋರು ಒಬ್ಬರೂ ಉಳಿಯಲ್ಲ. ಕೊಡ ಗುಜರಿಗೆ ಹೋಗುತ್ತೆ. ನೀಲಿ ಸೀರೆಯವಳು ಮಾತ್ರ ಇರ್ತಾಳೆ, ಮಕ್ಕಳನ್ನ ಎಳಕೊಳ್ಳುವ ಕೆಟ್ಟ ದೆವ್ವವಾಗಿ.

ಬೆಂಗಳೂರಿಗೆ ಹೊರಡೋ ದಿನ ಅಮ್ಮನನ್ನೇ ಕೇಳಿದೆ, ಬರೀಲೇನು ಅಂತ. “ಬರಿ. ಆದ್ರ ಆಕಿ ಹೆಸರು ಕಂಪ್ಯೂಟರಿನ್ಯಾಗ ಹಾಕಬ್ಯಾಡ. ಹೆಸರು ಮನ್ಯಾಗ ಇರಲಿ,” ಅಂದಳು. ಅದಕ್ಕೇ ಹೆಸರು ಬರೆದಿಲ್ಲ. ಊರ ಹೆಸರೂ ಬರೆದಿಲ್ಲ. ನಾನು ಈ ಬ್ಲಾಗಿನಲ್ಲಿ ಯಾವತ್ತೂ ನನ್ನ ಹೆಸರು ಹಾಕಿಲ್ಲ, ಅದು ಈಗ ಉಪಯೋಗಕ್ಕೆ ಬಂತು ನೋಡಿ.

ಮೊನ್ನೆ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ ಇತ್ತು. ನಂಗೆ ರಜೆ ಸಿಗಲಿಲ್ಲ. ಅವ್ವ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಹೋಳಿಗೆ, ಕಡಬು, ಹಿರಿಯರಿಗೆ ಇಟ್ಟ ಧೋತರ, ಸೀರೆ. ಅಜ್ಜ, ಮುತ್ತಜ್ಜ, ಮುತ್ತಜ್ಜಿ, ಸಣ್ಣಜ್ಜ. ಮೂಲೆಯಲ್ಲಿ, ಕಾಲ ಮೇಲೆ ನಿಂತಿದ್ದ ಒಂದು ಹಿತ್ತಾಳೆ ಕೊಡ. ತಿಕ್ಕಿ ಫಳಫಳ ಅಂತಿತ್ತು, ಅದರ ಕಂಠಕ್ಕೆ ಒಂದು ಎಳೆ ಚೆಂಡುಹೂವಿನ ಮಾಲೆ.

“ಅದನ್ನ ಯಾರವ್ವಾ ಇಟ್ಟಿದ್ದು?” ಅಂದೆ.

“ನಿಮ್ಮ ಅಮ್ಮ ಇಡ ಅಂದ್ಲು, ಇಟ್ಟೆ. ಯಾಕಂತ ಕೇಳಿಲ್ಲ,” ಅಂದಳು ಅವ್ವ. ಅವಳ ಮುಖ ನೋಡಿದರೆ ಕೇಳೋ ಅಗತ್ಯ ಇರಲಿಲ್ಲ ಅನ್ನಿಸ್ತು. ಕಾಕಾ ಹಿಂದೆ ಎಲ್ಲೋ ಕಾಯಿ ಒಡೀತಿದ್ದ. ಏನೂ ಮಾತಾಡಲಿಲ್ಲ.

ಕಥೆ ಇನ್ನೂ ಬರೆದಿಲ್ಲ ಗೆಳೆಯರೇ. ನಾಲ್ಕು ಸಲ ಶುರು ಮಾಡಿ ಅಳಿಸಿದ್ದೇನೆ. ಪ್ರತಿ ಸಲವೂ ನೀಲಿ ಸೀರೆಯಿಂದ ಶುರುವಾಗುತ್ತೆ. ಅದು ಬೇಡ. ಕಲ್ಲು ಒಡೆಯೋ ಜಾಗದಿಂದ ಶುರು ಮಾಡಬೇಕು ಅಂತ ಈಗ ಅನ್ನಿಸ್ತಿದೆ, ಇಬ್ಬರು ನೆಗೆಣ್ಣಿಯರು ಅರ್ಧ ರೊಟ್ಟಿ ಹಂಚಿಕೊಂಡು ತಿನ್ನುತ್ತಿರುವಲ್ಲಿಂದ. ನೋಡೋಣ.

ನಿಮ್ಮೂರಲ್ಲೂ ಒಂದು ಬಾವಿ ಇರುತ್ತೆ, ಒಂದು ಹುಣಸೆಮರ ಇರುತ್ತೆ, ಅದರ ಮೇಲೆ ಒಬ್ಬಳು ಇರ್ತಾಳೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನ ಅವಳ ಹೆಸರೇನು ಅಂತ ಕೇಳಿ ನೋಡಿ. ಏನಂದರು ಅಂತ ಇಲ್ಲಿ ಬರೆಯೋದು ಬಿಡೋದು ನಿಮಗೆ ಬಿಟ್ಟದ್ದು. ಕೇಳೋದು ಮಾತ್ರ ಬಿಡಬೇಡಿ.

ಮತ್ತೆ ಸಿಗೋಣ...